ಪಾಯ ಎಲ್ಲಿ ತೋಡೋಣ?

ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ತೆಲುಗು ಸೀಮೆಯ ಗಡಿಯಲ್ಲಿರುವ ಹಿಂದೂಪುರದ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಮೆಲ್ಲಗೆ "ಸಾರ್, ನಮ್ಮ ಹೊಳೆಗಳ ವಿಷಯ ಏನಾದರೂ ಹೇಳಿ" ಎನ್ನುತ್ತಾರೆ. ನಾನು ನೀರಾವರಿ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿ ಸೇರಿ, ಹಳ್ಳ ಹೊಳೆ ಕೆರೆ ಕಟ್ಟೆ ಎಂದು ಅಲೆದೇ ತಲೆ ಬೆಳ್ಳಗೆ ಮಾಡಿಕೊಂಡವನು. ಮುದುಕನ ಹತ್ತಿರ ಏನೋ ಗುಟ್ಟಿದೆ ಎಂಬ ನಂಬಿಕೆ ಅವರದು. ಗುಟ್ಟೂ ಇಲ್ಲ, ಗಂಟೂ ಇಲ್ಲ. ನನ್ನ ಹತ್ತಿರ ಇರುವುದು ಗೊಂದಲ ಮಾತ್ರ. ಅದನ್ನೇ ಬರೆದಿಟ್ಟರೆ ನಾಳೆ ನಿಮ್ಮ ಗೊಂದಲಕ್ಕೊಂದು ಜೊತೆ ಸಿಕ್ಕೀತು.

ಯಾವಾಗ ಬಡ್ತಿ ಬಂತು, ಎಲ್ಲಿಗೆ ವರ್ಗವಾಯಿತು ಎಂಬುದೆಲ್ಲ ಬೇಡ. ಅದನ್ನು ಕೇಳಿ ಹೊಳೆಯೇನೂ ದಾರಿ ಬಿಡುವುದಿಲ್ಲ.

ಪುಸ್ತಕದಲ್ಲಿ ನಿಮಗೆ ಹೊಳೆಗಳು ಕೂಡುತ್ತವೆ ಎಂದು ಕಲಿಸಿರುತ್ತಾರೆ. ಅದು ನಿಜವೇ. ಪರಿಗಿ ಹತ್ತಿರ ಜಯಮಂಗಲಿ ಬಂದು ಪೆನ್ನಾರನ್ನು ಕೂಡುತ್ತದೆ. ಆದರೆ ಕೂಡಿದ ಹೊಳೆ ಕೂಡಿಕೊಂಡೇ ಇರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಸ್ವಲ್ಪ ಕೆಳಗೆ, ರೊದ್ದಂ ಕಡೆ ಬರುವಷ್ಟರಲ್ಲಿ ಅದು ಕವಲೊಡೆಯುತ್ತದೆ. ನಮ್ಮ ಕೆಲಸದಲ್ಲಿ ಜನ ಕೇಳುವುದು ಒಂದೇ ಪ್ರಶ್ನೆ: "ಸಾರ್, ಮುಂದಿನ ಸಲ ನೀರು ಈ ಕಡೆ ಬತ್ತದಾ, ಆ ಕಡೆ ಹೋಯ್ತದಾ?" ಸೇರಿದ ದಿನವೂ ಅದನ್ನೇ ಕೇಳಿದರು. ನಿವೃತ್ತನಾದ ಮೇಲೂ ಅದನ್ನೇ ಕೇಳುತ್ತಿದ್ದಾರೆ.

ನನ್ನ ಮೊದಲ ಇಂಜಿನಿಯರ್ ಗೋದಾವರಿ ಕಡೆಯವರು. ಬೆನ್ನ ಹಿಂದೆ ನಾವು ಅವರನ್ನು ಗೋದಾರಿ ಸಾರ್ ಎನ್ನುತ್ತಿದ್ದೆವು. ಬಂದ ಹೊಸದರಲ್ಲಿ ಅವರನ್ನು ಪೆನ್ನಾರು ತೋರಿಸಲು ಕರೆದುಕೊಂಡು ಹೋದೆ. ಜೀಪು ದಡ ಇಳಿದು ಮರಳಿನ ಮೇಲೆ ಅರ್ಧ ದಾರಿ ಹೋಗಿ ನಿಂತಿತು. ಸಾರ್ ಇಳಿದರು, ಸುತ್ತ ನೋಡಿದರು, ಬಿಸಿಲಿಗೆ ಕೈ ಅಡ್ಡ ಹಿಡಿದು ನದಿ ಎಲ್ಲಯ್ಯಾ ಎಂದು ತೆಲುಗಿನಲ್ಲಿ ಕೇಳಿದರು: "ನದಿ ಎಕ್ಕಡಯ್ಯಾ?"

"ಮೀರು ನದಿಲೋನೇ ಉನ್ನಾರು ಸಾರ್" ಎಂದೆ. ನದಿಯೊಳಗೇ ನಿಂತಿದ್ದೀರಿ ಎಂದು ಕೇಳಿದ್ದೇ ತಡ, ಪಾಪ, ನೀರಿಗೆ ಕಾಲಿಟ್ಟವರಂತೆ ಪ್ಯಾಂಟು ಎತ್ತಿಕೊಂಡರು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ನದಿಯ ಕವಲಿಗೆ ತೆಲುಗಿನಲ್ಲಿ ಪಾಯ ಎನ್ನುತ್ತಾರೆ. ಸಾರ್ ಹುಟ್ಟಿದ ಊರು ಗೋದಾವರಿಯ ಎರಡು ಪಾಯಗಳ ನಡುವೆ ಇತ್ತಂತೆ. ಅಲ್ಲಿ ಪಾಯಗಳು ಒಮ್ಮೆ ಬೇರೆಯಾದರೆ ಮುಗಿಯಿತು, ತಂತಮ್ಮ ದಾರಿ ಹಿಡಿದು ಸಮುದ್ರ ಸೇರುತ್ತವೆ. ನಮ್ಮದು ಹಾಗಲ್ಲ. ಒಡೆಯುತ್ತವೆ, ಒಂದಷ್ಟು ದೂರ ಹೋಗಿ, ಮನೆ ಪಾಲಾದ ಅಣ್ಣತಮ್ಮಂದಿರು ಹಬ್ಬಕ್ಕೆ ಸೇರುವ ಹಾಗೆ ಮತ್ತೆ ಸೇರುತ್ತವೆ. "ಇಲ್ಲಿ ಸಮುದ್ರವೇ ಇಲ್ಲವಲ್ಲಯ್ಯಾ, ಯಾಕೆ ಒಡೆಯುತ್ತದೆ?" ಎಂದು ಸಾರ್ ನನ್ನನ್ನೇ ಕೇಳಿದರು. ಒಂದು ನೆರೆ ಮರಳು ತಂದು ನಡುವೆ ಸುರಿಯುತ್ತದೆ, ಮುಂದಿನ ಸಣ್ಣ ನೀರಿಗೆ ಅದನ್ನು ಎತ್ತುವ ಕಸುವಿರುವುದಿಲ್ಲ, ಎರಡು ಪಕ್ಕಕ್ಕೂ ಸರಿಯುತ್ತದೆ ಎಂದು ಆಮೇಲೆ ಅವರೇ ಹೇಳಿದರು. ಕೇಳಲು ಎಷ್ಟು ಸುಲಭ!

ರೊದ್ದಂ ಹತ್ತಿರ ಹೊಳೆ ಹೀಗೆ ಎರಡಾಗುವ ಕಡೆ, ದೊಡ್ಡ ಪಾಯ ಚಿಕ್ಕ ಪಾಯಗಳ ನಡುವಿನ ದಿಣ್ಣೆಯ ಮೇಲೆ ಸಿದ್ದಪ್ಪ ಎಂಬ ರೈತರ ಮನೆ, ಹಿಪ್ಪುನೇರಳೆ ತೋಟ, ಒಂದು ಬಾವಿ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಅಲ್ಲಿ ಒಂದು ಚೆಕ್ ಡ್ಯಾಮ್ ಕಟ್ಟಬೇಕೆಂದು ಆದೇಶ ಬಂತು. ಯಾವ ಪಾಯದ ಮೇಲೆ ಎಂದು ಸಾರ್ ಹೊಂಗೆ ಮರದ ಕೆಳಗೆ ಕೂತು ಸಿದ್ದಪ್ಪನನ್ನು ಕೇಳಿದರು. ಸಿದ್ದಪ್ಪ ಎಲೆ ಅಡಿಕೆ ಅಗಿಯುತ್ತಾ ಚಿಕ್ಕದರ ಕಡೆ ಕೈ ತೋರಿಸಿ, "ಅಲ್ಲಿ ಪಾಯ ಬಲು ಗಟ್ಟಿ ಸಾರ್" ಎಂದರು.

ಈಗ ನೋಡಿ ನಮ್ಮ ಸೀಮೆಯ ಪಜೀತಿ. ನಾವು ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು, ಜಗಳಕ್ಕೆ ಎರಡೂ. ಸಾರ್ ಕೇಳಿಸಿಕೊಂಡದ್ದು ತೆಲುಗಿನ ಪಾಯ. ಆ ಕವಲಿನಲ್ಲಿ ನೀರಿನ ಓಟ ಜೋರು, ಆದ್ದರಿಂದ ಅಲ್ಲೇ ಕಟ್ಟಬೇಕು ಎಂದುಕೊಂಡರು. ನಾನು ಕೇಳಿಸಿಕೊಂಡದ್ದು ಕನ್ನಡದ ಪಾಯ, ಅಂದರೆ ಅಡಿಪಾಯ. ಅಲ್ಲಿ ಕೆಳಗೆ ಬಂಡೆ ಇದೆ, ಆದ್ದರಿಂದ ಅಲ್ಲೇ ಕಟ್ಟಬೇಕು ಎಂದುಕೊಂಡೆ. ಇಬ್ಬರೂ ತಲೆದೂಗಿದೆವು. ನನ್ನ ಸರ್ವಿಸಿನಲ್ಲಿ ಮೇಲಧಿಕಾರಿಯೂ ನಾನೂ ಅಷ್ಟು ಬೇಗ ಒಪ್ಪಿದ್ದು ಅದೊಂದೇ ಸಲ.

ಅಗೆದೆವು. ಮರಳು. ಇನ್ನೂ ಅಗೆದೆವು. ಇನ್ನೂ ಮರಳು. ಕೆಳಗೆ ಬಂಡೆ ಸಿಗುತ್ತದೆ ಸಾರ್ ಎಂದು ಅಗೆಯುವಾಗಲೆಲ್ಲ ನಾನು ಹೇಳುತ್ತಿದ್ದೆ. "ಬಂಡೆ ಉಂದನ್ನಾವ್ ಕದಯ್ಯಾ!" ಎಂದು ಸಾರ್ ನನ್ನ ಮೇಲೆ ಹಾರಿದರು. ನೀವಲ್ಲವೇ ಜೋರು ಓಟ ಎಂದದ್ದು ಎಂದು ನಾನೂ ಬಿಡಲಿಲ್ಲ. ಕೊನೆಗೆ ಇಬ್ಬರೂ ಸಿದ್ದಪ್ಪನ ಹತ್ತಿರ ಹೋಗಿ, ನೀವು ಹೇಳಿದ್ದು ಯಾವ ಪಾಯ ಎಂದು ಕೇಳಿದೆವು.

ಸಿದ್ದಪ್ಪ ಎಲೆ ಅಡಿಕೆ ಉಗಿದು ತಲೆ ಕೆರೆದುಕೊಂಡರು. "ಅವತ್ತು ಯಾವುದಂದ್ನೋ ಕಣಪ್ಪ. ಅಲ್ಲಿ ಹೊಳೆ ಮೊಂಡು, ತಂಟೆಗೆ ಹೋಗ್ಬ್ಯಾಡ್ರಿ ಅನ್ನಾಕೆ ಹೋದ್ನೋ ಏನೋ. ಈಗ ನೆಪ್ಪಿಲ್ಲ. ನೀವಿಬ್ರೂ ತಲೆ ಆಡ್ಸಿದ್ರಲ್ಲ, ಸರಿಯಾಗೇ ಹೇಳಿರ್ಬೇಕು ಅಂದ್ಕೊಂಡೆ."

ಅಷ್ಟು ಅಗೆದದ್ದನ್ನು ಬಿಡುವಂತಿರಲಿಲ್ಲ. ಹೇಳಿದವನಿಗೇ ಅರ್ಥ ಗೊತ್ತಿಲ್ಲದ ಮಾತಿನ ಮೇಲೆ ಡ್ಯಾಮ್ ಎದ್ದು ನಿಂತಿತು. ಅದೂ ಗಟ್ಟಿಯಾಗಿಯೇ ನಿಂತಿತು, ಅದು ಇನ್ನೊಂದು ವಿಚಿತ್ರ.

ಆಮೇಲಿನ ವರ್ಷಗಳಲ್ಲಿ ಎಲ್ಲವೂ ಕಲಸಿಹೋಯಿತು. ಮೊದಲೆಲ್ಲ ಉತ್ತರೆ, ಹಸ್ತ, ಚಿತ್ತೆ ಎಂದು ಮಳೆಗೆ ಒಂದು ಹೆಸರಿತ್ತು, ಹೆಸರಿಗೆ ತಕ್ಕ ನಡತೆಯಿತ್ತು. ಹೊಳೆ ವರ್ಷಕ್ಕೆ ಕೆಲವು ಸಲವಾದರೂ ಮೊಣಕಾಲುದ್ದ ಬಂದು ಹೋಗುತ್ತಿತ್ತು. ಆ ಸಣ್ಣ ನೀರೇ ಹೊಳೆಯ ಕಸ ಗುಡಿಸುತ್ತಿದ್ದುದು. ಪಾಯಗಳ ಬಾಯಿ ಮುಚ್ಚದ ಹಾಗೆ ನೋಡಿಕೊಳ್ಳುತ್ತಿದ್ದುದು ಅದೇ. ನಾವು ಮೇಲೆ ಉದ್ದಕ್ಕೂ ಚೆಕ್ ಡ್ಯಾಮ್ ಕಟ್ಟಿದೆವು. ಗಡಿಯಾಚೆ ಕನ್ನಡ ಸೀಮೆಯವರೂ ಕಟ್ಟಿದರು. ಹೊಲಹೊಲಕ್ಕೂ ಹೊಂಡ ಬಂತು. ಒಂದೊಂದೂ ಒಳ್ಳೆಯ ಕೆಲಸವೇ, ನಾನೇ ನಿಂತು ಮಾಡಿಸಿದ್ದೇನೆ, ಬಾವಿಗಳಲ್ಲಿ ನೀರು ಏರಿದ್ದನ್ನೂ ಕಂಡಿದ್ದೇನೆ. ಆದರೆ ಸಣ್ಣ ನೀರು ಕೆಳಗೆ ಬರುವುದೇ ನಿಂತಿತು. ಮಳೆಯೂ ವರ್ಷಗಟ್ಟಲೆ ಮುಖ ತಿರುಗಿಸಿ, ಆಮೇಲೆ ಒಂದೇ ಏಟಿಗೆ ಸುರಿಯತೊಡಗಿತು. ಗುಡಿಸುವವಳು ಹೋಗಿ ಒದೆಯುವವನು ಮಾತ್ರ ಉಳಿದ ಹಾಗಾಯಿತು.

ಚಿಕ್ಕ ಪಾಯದಲ್ಲಿ ನಮ್ಮ ಡ್ಯಾಮಿನ ಹಿಂದೆ ಹೂಳು ತುಂಬಿ, ಹೂಳಿನ ಮೇಲೆ ಸೀಮೆಜಾಲಿ ಎದ್ದು ಕಾಡಾಯಿತು. ದೊಡ್ಡ ಪಾಯದಲ್ಲಿ ಟ್ರ್ಯಾಕ್ಟರುಗಳು ಮರಳು ಹೊತ್ತು ಹೊತ್ತು ಆಳದ ಗುಂಡಿಗಳಾದವು. ಇನ್ನು ಹೊಳೆ ಎಂದರೆ ದೊಡ್ಡದೊಂದೇ, ಚಿಕ್ಕದು ಸತ್ತಿತು ಎಂದು ಊರೆಲ್ಲ ಹೇಳಿತು. ನಾನೂ ಹೇಳಿದೆ. ಹಾಗೆ ಕಾಣುತ್ತಿತ್ತು ಕೂಡ.

ಅಷ್ಟರಲ್ಲಿ ನನ್ನನ್ನು ಕಲ್ಯಾಣದುರ್ಗಕ್ಕೆ ಹಾಕಿದರು. ಅಲ್ಲಿನ ನನ್ನ ಮೇಲಧಿಕಾರಿಗೆ ಸೊಟ್ಟಗಿರುವುದನ್ನು ಕಂಡರೆ ಆಗುತ್ತಿರಲಿಲ್ಲ. ಮೇಜಿನ ಮೇಲೆ ಪೆನ್ನು ಓರೆಯಾಗಿದ್ದರೂ ನೇರ ಮಾಡಿಯೇ ಕೂರುವವರು. ಊರಾಚೆಯ ಹಳ್ಳವೊಂದಕ್ಕೆ ನಮಗಿಂತ ಮೊದಲು ಯಾರೋ ಒಂದು ಸೇತುವೆ ಕಟ್ಟಿದ್ದರು. ಕಟ್ಟಿದ ಮೇಲೆ ಬಂದ ಮೊದಲ ನೆರೆಗೇ ಹಳ್ಳ ಪಕ್ಕಕ್ಕೆ ಜರುಗಿ, ರಸ್ತೆ ಕೊಯ್ದುಕೊಂಡು ಹೋಯಿತು. ಸೇತುವೆ ಇದ್ದ ಕಡೆ ನೀರಿಲ್ಲ, ನೀರಿದ್ದ ಕಡೆ ಸೇತುವೆ ಇಲ್ಲ. ಕಮಾನಿನ ಕೆಳಗೆ ಆಡುಗಳು ನೆರಳಿಗೆ ಮಲಗುತ್ತಿದ್ದವು. ಒಂದು ದಿನ ಕಡಲೆಕಾಯಿ ಮೂಟೆಗಳ ಮೇಲೆ ಜನ, ಜನದ ಮೇಲೆ ಮೂಟೆ ಹೇರಿಕೊಂಡ ಸರ್ವಿಸ್ ಜೀಪಿನಲ್ಲಿ ನಾವಿಬ್ಬರೂ ಆ ದಾರಿಯಲ್ಲಿ ಹೋಗುತ್ತಿದ್ದೆವು. ಡ್ರೈವರ್ ಹಳ್ಳಕ್ಕೆ ಇಳಿಸುತ್ತಾ, "ಬ್ರಿಡ್ಜು ಬಂಗಾರದಂಗೈತೆ ಸಾರ್, ಹಳ್ಳಾನೇ ತೆಪ್ಪಾಗಿ ಹರೀತೈತೆ" ಎಂದ. ಚೇಷ್ಟೆಗೆ ಅಂದದ್ದು. ಸಾಹೇಬರು ಗಂಭೀರವಾಗಿ "ಹೌದು, ಅದನ್ನು ಸರಿ ಮಾಡಬೇಕು" ಎಂದರು.

ಮಾಡಿಯೂ ಮಾಡಿದರು. ಬುಲ್ಡೋಜರ್ ತರಿಸಿ ಒಡ್ಡು ಹಾಕಿ, ಹಳ್ಳವನ್ನು ನೇರವಾಗಿ ಸೇತುವೆಯ ಕೆಳಕ್ಕೆ ತಿರುಗಿಸಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ, ಮುಂದಿನ ನೆರೆಗೆ ಹಳ್ಳ ಮೂರಾಗಿ ಒಡೆಯಿತು. ಮೂರರಲ್ಲಿ ಒಂದೂ ಸೇತುವೆಯ ಕೆಳಗೆ ಹೋಗಲಿಲ್ಲ. ಸಾಹೇಬರು ದಡದಲ್ಲಿ ನಿಂತು, "ಯಾಕ್ರೀ ಇದು ಹೀಗೆ ಮಾಡುತ್ತೆ?" ಎಂದಾಗ ಅವರ ಮುಖ ನೋಡಲಾಗಲಿಲ್ಲ. ಅವರನ್ನು ಹಾಸ್ಯ ಮಾಡುವುದು ಸುಲಭ. ಆದರೆ ಅವರ ಜಾಗದಲ್ಲಿ ನಾನಿದ್ದರೂ ಬುಲ್ಡೋಜರನ್ನೇ ತರಿಸುತ್ತಿದ್ದೆ.

ಸರ್ವಿಸಿನ ಕೊನೆಗೆ ಮತ್ತೆ ಹಿಂದೂಪುರಕ್ಕೆ ಬಂದೆ. ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗಿತ್ತು. ನಾವು ಚೈನು ಎಳೆದು, ಲೆವೆಲ್ ಸ್ಟಾಫ್ ಎಂಬ ಅಳತೆಗೋಲು ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ತಿಂಗಳುಗಟ್ಟಲೆ ಅಳೆಯುತ್ತಿದ್ದುದನ್ನು ಈಗ ಡ್ರೋನು ಒಂದು ಸುತ್ತು ಹಾರಿ ಅಳೆಯುತ್ತದೆ. ಹೊಸ ಇಂಜಿನಿಯರ್ ಶಮೀಮ್ ಎಂದು, ಗೋರಂಟ್ಲದ ಹುಡುಗಿ. ನಮ್ಮ ಹಳೆಯ ಡ್ಯಾಮಿನ ಹೂಳು ಅಳೆಯಲು ರೊದ್ದಂಗೆ ಹೋದಾಗ ಟ್ಯಾಬಿನಲ್ಲಿ ಆಕಾಶದಿಂದ ತೆಗೆದ ಚಿತ್ರಗಳನ್ನು ತೋರಿಸಿದಳು. ಒಂದು ವರ್ಷ ಎರಡು ಪಾಯ, ಒಂದು ವರ್ಷ ಒಂದೇ, ಇನ್ನೊಂದು ವರ್ಷ ಸಿಕ್ಕುಗಟ್ಟಿದ ನೂಲು. "ಇದೆಲ್ಲ ಒಂದೇ ಹೊಳೆನಾ ಸಾರ್?" ಎಂದಳು. ನಾನು ಅಷ್ಟು ವರ್ಷ ಅದರೊಳಗೆ ನಡೆದಾಡಿದ್ದೆ, ಮೇಲಿನಿಂದ ನೋಡಿರಲಿಲ್ಲ. ನೋಡಿ ಇನ್ನಷ್ಟು ಕಂಗಾಲಾದೆ.

ಅಲ್ಲೇ ನಮ್ಮನ್ನು ಹಿಡಿದುಕೊಂಡದ್ದು ಗೌರಕ್ಕ. ಆಕೆ ಸಿದ್ದಪ್ಪನ ಸೊಸೆ. ಸಿದ್ದಪ್ಪನಿಗೆ ವಯಸ್ಸಾಗಿ ನಡು ಬಾಗುತ್ತಿರಲಿಲ್ಲ, ಮಗ ರೊದ್ದಂನಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದ, ತೋಟವೂ ರೇಷ್ಮೆಯೂ ಗೌರಕ್ಕನದೇ. ಆಕೆಯ ಗೂಡು ಹಿಂದೂಪುರದ ಮಾರ್ಕೆಟ್ಟಿಗೆ ಬಂದರೆ ನೂಲು ತೆಗೆಯುವ ರೀಲರುಗಳು ಕೈಯಲ್ಲಿ ಹಿಡಿದು ನೋಡಿ ತಲೆದೂಗುತ್ತಿದ್ದರು. ಆದರೆ ಹುಳ ಸಾಕಲು ಬೇರೆ ಶೆಡ್ ಇರಲಿಲ್ಲ.

"ಹುಳ ಮನೆ ಒಳಗೆ, ನಾವು ಜಗಲಿ ಮ್ಯಾಲೆ. ಮದುವೆ ಆಗಿ ಬಂದಾಗಿಂದ ಇದೇ ಸಂಸಾರ" ಎಂದಳು ಗೌರಕ್ಕ. "ಈ ಸಲ ಶೆಡ್ ಆಗ್ಲೇಬೇಕು. ಇಲ್ಲಾಂದ್ರೆ ತೋಟ ಕಿತ್ತಾಕಿ ದಿಣ್ಣೆ ಬಿಟ್ಟು ಹೋಯ್ತೀವಿ. ನೀನು ನಮ್ಮ ಹೊಳೆ ಕಂಡೋನು. ಹೇಳಣ್ಣ, ಪಾಯ ಎಲ್ಲಿ ತೋಡಾನ?"

ಪಾಯ ಎಂದು ಕೇಳಿದೊಡನೆ ನನಗೆ ನಗು ತಡೆಯಲಿಲ್ಲ. ಹಳೆಯ ಕಥೆ ಹೇಳಿದೆ. ಗೌರಕ್ಕ ನಕ್ಕು, ತನ್ನ ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು. "ತೆಲುಗಿನೋರು ಜಡೆ ಎಳೆಗೂ ಪಾಯ ಅಂತಾರೆ ಕಣಣ್ಣ. ಒಂದು ಪಾಯ ಸಣ್ಣ ಹಿಡಿದ್ರೆ ಇನ್ನೊಂದು ದಪ್ಪ ಆಯ್ತದೆ. ಕೂದ್ಲು ಎಲ್ಲೂ ಹೋಗಲ್ಲ." ಶಮೀಮ್ ಆ ಮಾತನ್ನು ಇಷ್ಟಪಟ್ಟು ಎರಡು ಸಲ ಹೇಳಿಸಿಕೊಂಡಳು.

ಸಿದ್ದಪ್ಪನೂ ಸೇರಿ ನಾಲ್ಕು ಜನ ನಿಂತು ನೋಡಿದೆವು. ದೊಡ್ಡ ಪಾಯ ತಗ್ಗಿನಲ್ಲಿದೆ, ನೀರು ಬಂದರೆ ಅಲ್ಲೇ ಬರಬೇಕು. ಚಿಕ್ಕದರ ಕಡೆ ಜಾಲಿ ಕಾಡು, ಹೂಳು, ಎತ್ತರದ ನೆಲ. ಟ್ಯಾಬೂ ಅದನ್ನೇ ಹೇಳಿತು, ಸಿದ್ದಪ್ಪನೂ ಅದನ್ನೇ ಹೇಳಿದರು. ಚಿಕ್ಕ ಪಾಯದ ಕಡೆಗೆ, ತೋಟದ ಅಂಚಿನಲ್ಲಿ ಗೂಟ ಹೊಡೆದರು. ಜಾಗ ತೋರಿಸಿದವನೇ ಮೊದಲ ಗುದ್ದಲಿ ಹಾಕಬೇಕು ಎಂಬುದು ಆ ಮನೆಯ ಪದ್ಧತಿ. ಎಲ್ಲರೂ ಸೇರಿ ತೋರಿಸಿದ ಜಾಗ, ಹಾಗಾಗಿ ಯಾರು ಹಾಕಬೇಕೆಂದು ಜಗ್ಗಾಡಿ, ಸಿದ್ದಪ್ಪನ ನಂತರ ಹಿರಿಯ ಎಂದು ಗುದ್ದಲಿ ನನ್ನ ಕೈಗೆ ಬಂತು. ಹುಳದ ಶೆಡ್ ಎಂದರೆ ಉದ್ದನೆಯ ಕಟ್ಟಡ. ಪಾಯದ ಕಾಲುವೆಗಳನ್ನೂ ಉದ್ದಕ್ಕೇ ತೋಡಿದರು.

ಕಲ್ಲು ತುಂಬುವ ಮೊದಲೇ ಮಳೆ ಬಂತು. ಬರಬೇಕಾದ ಕಾಲವಲ್ಲ, ಬರಬೇಕಾದ ಪ್ರಮಾಣವೂ ಅಲ್ಲ. ಮೇಲಿನ ಕೆರೆಗಳು ಒಂದರ ಹಿಂದೆ ಒಂದು ಕೋಡಿ ಬಿದ್ದವು. ಬೆಳಿಗ್ಗೆ ನಾನೂ ಶಮೀಮೂ ರೊದ್ದಂ ದಡಕ್ಕೆ ಹೋದಾಗ ಗೌರಕ್ಕನ ಮನೆಯವರೆಲ್ಲ ಆಗಲೇ ಈಚೆ ದಡಕ್ಕೆ ಬಂದಿದ್ದರು. ಹುಳದ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ದಾಟಿಸಿದ್ದರು. ಸಿದ್ದಪ್ಪನನ್ನು ಕುರ್ಚಿ ಸಮೇತ ಎತ್ತಿ ತಂದಿದ್ದರು.

ನೀರು ಮೊದಲು ದೊಡ್ಡ ಪಾಯದಲ್ಲೇ ಬಂತು. ನಾವು ಹೇಳಿದ ಹಾಗೇ ಬಂತು. ನನಗೆ ಎದೆಯುಬ್ಬಿತು ಎಂದರೆ ಸುಳ್ಳಲ್ಲ. ಆಮೇಲೆ ಬುಡಸಮೇತ ಕಿತ್ತ ಜಾಲಿ ಮರಗಳು, ಯಾರದೋ ತಗಡು, ಬಳ್ಳಿ, ಕಸ ಎಲ್ಲ ಬಂದು ಕವಲಿನ ಬಾಯಲ್ಲಿ ಸಿಕ್ಕಿಕೊಂಡವು. ದೊಡ್ಡ ಪಾಯದ ಬಾಯಿ ಕಟ್ಟಿತು. ನೀರು ಒಂದು ಗಳಿಗೆ ಅಲ್ಲೇ ಸುತ್ತಿ, ಸತ್ತಿತು ಎಂದಿದ್ದ ಚಿಕ್ಕ ಪಾಯಕ್ಕೆ ತಿರುಗಿತು. ಅಲ್ಲಿ ನಮ್ಮ ಡ್ಯಾಮ್. ಅದು ಒಡೆಯಲಿಲ್ಲ! ಒಡೆದಿದ್ದರೆ ಚೆನ್ನಾಗಿತ್ತೋ ಏನೋ. ನೀರನ್ನು ಗಟ್ಟಿಯಾಗಿ ತಡೆದು ನಿಲ್ಲಿಸಿತು. ತಡೆದ ನೀರು ಪಕ್ಕಕ್ಕೆ ಏರಿ, ದಾರಿ ಹುಡುಕುತ್ತಾ ಬಂದು, ನಾವು ಉದ್ದಕ್ಕೆ ತೋಡಿಟ್ಟಿದ್ದ ಪಾಯದೊಳಗೆ ಇಳಿಯಿತು.

ಕುರ್ಚಿಯಲ್ಲಿ ಕೂತಿದ್ದ ಸಿದ್ದಪ್ಪ ಕೂಗಿದರು: "ಲೇ, ಪಾಯದೊಳಕ್ಕೆ ಪಾಯ ಬಂದ್ಬುಡ್ತಲ್ರಲಾ!"

ನೋಡನೋಡುತ್ತಿದ್ದ ಹಾಗೆ ಕಾಲುವೆ ಅಗಲವಾಯಿತು, ಅಂಚು ಕುಸಿಯಿತು, ಹಿಪ್ಪುನೇರಳೆ ಗಿಡಗಳು ಸಾಲುಸಾಲಾಗಿ ಒಳಗೆ ಬಿದ್ದವು. ಸಂಜೆಯ ಹೊತ್ತಿಗೆ ಅಲ್ಲಿ ಹೊಸದೊಂದು ಹೊಳೆ ಹರಿಯುತ್ತಿತ್ತು. ನನಗೆ ಅಳು ಬಂತು. ಸಿದ್ದಪ್ಪನ ಮಾತು ನೆನೆದು ನಗುವೂ ಬಂತು. ಗೌರಕ್ಕ ಹುಳಕ್ಕೆ ಸೊಪ್ಪು ಎಲ್ಲಿಂದ ತರುವುದು ಎಂದು ಮಾತ್ರ ಕೇಳಿದಳು.

ನೀರು ಇಳಿದ ಮೇಲೆ ನೋಡಿದರೆ ಮನೆ ನಿಂತಿತ್ತು. ತೋಟದ ಒಂದು ಪಾಲು ಹೋಗಿತ್ತು. ಮತ್ತೆ, ಕಣ್ಣು ಉಜ್ಜಿಕೊಂಡು ನೋಡಿದೆ, ಎಷ್ಟೋ ವರ್ಷ ಒಣಗಿ ಬಿದ್ದಿದ್ದ ಬಾವಿಯಲ್ಲಿ ಕೈಗೆಟುಕುವಷ್ಟು ನೀರು! ಹೊಸ ಪಾಯ ಬಾವಿಯ ಪಕ್ಕದಲ್ಲೇ ಹಾದುಹೋಗಿತ್ತು. ಇದು ನಷ್ಟವೋ ಲಾಭವೋ ಹೇಳಿ ನೋಡೋಣ. ಪಾಯದ ಮುಂದೆ ಒಂದು ಅಕ್ಷರ ಸೇರಿದರೆ ಅಪಾಯ, ಇನ್ನೊಂದು ಸೇರಿದರೆ ಉಪಾಯ. ನಮ್ಮ ಹೊಳೆ ಯಾವ ಅಕ್ಷರ ಹಿಡಿದು ಬರುತ್ತದೆ ಎಂದು ಅದಕ್ಕೇ ಗೊತ್ತಿಲ್ಲ.

ನಿವೃತ್ತನಾದ ಮೇಲೆ ಒಮ್ಮೆ ಗೋದಾರಿ ಸಾರ್‌ಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅವರು ಹುಟ್ಟೂರಿಗೇ ಹಿಂದಿರುಗಿದ್ದರು. ಬಹಳ ಹೊತ್ತು ನಕ್ಕು, ಆಮೇಲೆ ತಮ್ಮ ಊರಿನ ಮಾತು ತೆಗೆದರು. ಅವರ ಊರಿನ ಪಾಯಕ್ಕೆ ಈಗ ಮೊದಲಿನಷ್ಟು ಮಣ್ಣು ಬರುವುದಿಲ್ಲವಂತೆ, ಬೇಸಿಗೆಯಲ್ಲಿ ಸಮುದ್ರದ ಉಪ್ಪು ನೀರೇ ಹಿಂದಕ್ಕೆ ಏರಿ ಬರುತ್ತದಂತೆ. "ನಿಂತು ನೋಡಿದರೆ ನೀರಿದೆ ಕಣಯ್ಯಾ" ಎಂದರು, "ಬಾಯಿಗಿಟ್ಟರೆ ನದಿ ಎಲ್ಲಿ ಅನ್ನಿಸುತ್ತೆ."

ಮೊನ್ನೆ ಗೌರಕ್ಕ ಮತ್ತೆ ಹೇಳಿ ಕಳಿಸಿದ್ದಳು. ಹೋದೆ. ಶಮೀಮ್ ರಜೆ ಹಾಕಿ ಬಂದಿದ್ದಳು. ಸಿದ್ದಪ್ಪ ಅದೇ ಕುರ್ಚಿಯಲ್ಲಿ. ಈಗ ಮೂರು ಪಾಯಗಳ ನಡುವೆ, ಮನೆಯ ಹಿಂದಿನ ಎತ್ತರದಲ್ಲಿ ಹೊಸದಾಗಿ ಗೂಟ ಹೊಡೆದಿದ್ದರು. ಉಳಿದ ತೋಟ ಚಿಗುರಿ, ಹೊಸ ಸಾಲುಗಳೂ ಎದ್ದಿದ್ದವು. ಗೌರಕ್ಕ ಗುದ್ದಲಿಯನ್ನು ನನ್ನ ಕೈಗೇ ಕೊಟ್ಟಳು.

"ನನ್ನ ಕೈ ಬ್ಯಾಡ ಕಣಮ್ಮ" ಎಂದೆ. "ಹೋದ ಸಲ ನೋಡಿದೆಯಲ್ಲ."

"ಹೊಳೆ ನಿನ್ ಕೈ ನೋಡ್ಕಂಡು ಬಂತಾ? ಹಾಕಣ್ಣ ಸುಮ್ನೆ."

"ಇಲ್ಲಿಗೆ ಬರಲ್ಲ ಅಂತ ಹೇಳಾಕೆ ನಂಗೆ ಆಗಲ್ಲ."

"ಹೇಳು ಅಂತ ಕೇಳಿದ್ನಾ? ಹಾಕು ಅಂದೆ."

ಹಾಕಿದೆ. ಮೇಲಿನ ಮಣ್ಣು ಒಣಗಿತ್ತು. ಎರಡನೆಯ ಏಟಿಗೆ ಕೆಳಗಿನ ಮರಳು ಬಂತು, ಕಪ್ಪಗೆ, ತಣ್ಣಗೆ. ಮುಟ್ಟಿದರೆ ಒದ್ದೆ. ಆ ಎತ್ತರದಲ್ಲಿ, ಆ ಬಿಸಿಲಿನಲ್ಲಿ. ನಾನು ಶಮೀಮ್ ಮುಖ ನೋಡಿದೆ. ಆಕೆ ನನ್ನ ಮುಖ ನೋಡಿದಳು. ಬಾವಿಯ ಒರತೆ ಏರಿ ಒದ್ದೆಯಾಗಿರಬಹುದು, ಹಾಗಾದರೆ ತೋಟಕ್ಕೆ ಜೀವ. ಹೊಳೆಯೇ ಕೆಳಗೆ ಇನ್ನೊಂದು ದಾರಿ ಹುಡುಕುತ್ತಿರಬಹುದು, ಹಾಗಾದರೆ ಇದೂ ಹೋಯಿತು.

ಗೌರಕ್ಕ ಒಂದು ಹಿಡಿ ತೆಗೆದು ಅಂಗೈಯಲ್ಲಿ ಒತ್ತಿ ನೋಡಿದಳು. "ಒದ್ದೆ ಐತಲ್ಲಣ್ಣ. ಒಳ್ಳೇದಾ, ಕೆಟ್ಟದ್ದಾ?"

ಇಡೀ ಸರ್ವಿಸಿನಲ್ಲಿ ಹೊಳೆಯ ಬಗ್ಗೆ ಕೇಳಿದವರಿಗೆಲ್ಲ ನಾನು ಏನಾದರೊಂದು ಹೇಳಿಯೇ ಕಳಿಸಿದ್ದೆ. ಆವತ್ತು ಮೊದಲ ಸಲ, "ಗೊತ್ತಿಲ್ಲ ಕಣಮ್ಮ" ಎಂದೆ.

ಗೌರಕ್ಕ ಕೈಯಲ್ಲಿದ್ದ ಒದ್ದೆ ಮರಳನ್ನು ಪಕ್ಕದ ಹಿಪ್ಪುನೇರಳೆಯ ಬುಡಕ್ಕೆ ಹಾಕಿ, ಸೆರಗು ಸಿಕ್ಕಿಸಿಕೊಂಡು ಗುದ್ದಲಿಗೆ ಕೈ ಚಾಚಿದಳು.

"ಸರಿ, ಕೊಡಿಲ್ಲಿ. ಮಿಕ್ಕಿದ್ದು ನಾನು ತೋಡ್ತೀನಿ."